ಮುನ್ನೂರು ಹಿಡಿಯದ ಪೆಟ್ಟಿಗೆ

ಟೀಚರ್ ತೀರಿಹೋದ ಸುದ್ದಿ ನನಗೆ ತಿಳಿದದ್ದು ಕಲ್ಪೆಟ್ಟದ ಬಸ್‌ಸ್ಟ್ಯಾಂಡಿನಲ್ಲಿ, ಪುಲ್ಪಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಫೋಟೊ ಹಾಕಿದ್ದರು. ಯಾವುದೋ ಗುರುತಿನ ಚೀಟಿಯಿಂದ ತೆಗೆದದ್ದು. ಫೋಟೊ ಹಿಡಿಯುವವನು ಏನೋ ತಪ್ಪು ಮಾಡುತ್ತಿದ್ದಾನೆ, ಮುಗಿದ ಮೇಲೆ ಹೇಳೋಣ ಎಂದು ಕಾದು ಕೂತಂಥ ಮುಖ. ಕೆಳಗೆ ಒಂದರ ಹಿಂದೊಂದು ಸಂದೇಶ: ತಾಯಿಯಂಥವರು, ಕರುಣೆಯ ಮೂರ್ತಿ, ನಮ್ಮ ಬಾಳಿನ ಬೆಳಕು. ನಾನು ಏನೂ ಬರೆಯಲಿಲ್ಲ. ಹತ್ತು ವರ್ಷ ಅವರನ್ನು ಬಲ್ಲೆ, ಅದರಲ್ಲಿ ಆರು ವರ್ಷ ಒಂದೇ ಕೋಣೆಯಲ್ಲಿ ಪಾಠ ಮಾಡಿದ್ದೇವೆ. ಅಷ್ಟು ಕಾಲದಲ್ಲಿ ಅವರು ನನ್ನನ್ನು ತಾಯಿಯ ಹಾಗೆ ನೋಡಿಕೊಂಡ ಒಂದು ದಿನವೂ ನೆನಪಿಗೆ ಬರಲಿಲ್ಲ. ಬೇರೆ ದಿನಗಳು ಬೇಕಾದಷ್ಟು ಬಂದವು.

ಅವರ ಕಂಪ್ಯೂಟರ್ ಕೇಂದ್ರ ಪುಲ್ಪಳ್ಳಿಯಲ್ಲಿ, ಕರಿಮೆಣಸು ಕೊಳ್ಳುವ ಅಂಗಡಿಯೊಂದರ ಮಹಡಿಯ ಮೇಲಿತ್ತು. ಒಂಬತ್ತು ಕಂಪ್ಯೂಟರ್, ಅದರಲ್ಲಿ ಏಳು ನಡೆಯುತ್ತಿದ್ದವು. ಕೆಳಗಿನಿಂದ ಮೆಣಸಿನ ಘಾಟು ಏರಿ ಬರುತ್ತಿದ್ದುದರಿಂದ ಹೊಸದಾಗಿ ಸೇರಿದವರು ಮೊದಲ ವಾರವೆಲ್ಲ ಸೀನುತ್ತಿದ್ದರು. ಟೀಚರ್ ಮನೆ ಪಯ್ಯಂಪಳ್ಳಿಯ ಹತ್ತಿರ. ಅವರ ಗಂಡನ ಕಡೆಯವರೂ ನಮ್ಮ ಹಾಗೇ ಎಷ್ಟೋ ತಲೆಮಾರಿನ ಹಿಂದೆ ಕರ್ನಾಟಕದಿಂದ ಬಂದು ನೆಲೆಸಿದ ಒಕ್ಕಲು ಮನೆತನ. ಗಂಡ ಶುಂಠಿ ಬೆಳೆಯಲು ಗಡಿಯಾಚೆ ಜಮೀನು ಹಿಡಿದು ವರ್ಷದ ಹೆಚ್ಚು ಭಾಗ ಅಲ್ಲೇ ಇರುತ್ತಿದ್ದರು. ಟೀಚರ್ ಎರಡು ಬಸ್ಸು ಬದಲಾಯಿಸಿ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಬಾಗಿಲು ತೆಗೆಯುತ್ತಿದ್ದರು. ಕೈಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಬದಿಗೆ. ಬುತ್ತಿಯಲ್ಲಿ ಬೇಯಿಸಿದ ಕಪ್ಪ, ಅಂದರೆ ಮರಗೆಣಸು, ಜೊತೆಗೆ ಕಾಂತಾರಿ ಮೆಣಸಿನ ಚಟ್ನಿ. ಯಾರಿಗೂ ಕೊಡುತ್ತಿರಲಿಲ್ಲ, ಯಾರಿಂದಲೂ ತೆಗೆದುಕೊಳ್ಳುತ್ತಲೂ ಇರಲಿಲ್ಲ.

ನಾನು ಮರಕ್ಕಡವಿನವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳಂ. ಹನ್ನೆರಡನೆಯ ತರಗತಿ ಮುಗಿಯುವವರೆಗೆ ಕನ್ನಡ ಅಕ್ಷರ ನನಗೆ ಓದಲು ಬರುತ್ತಿರಲಿಲ್ಲ. ಟೀಚರ್ ಮೈಸೂರಿನಲ್ಲಿ ಓದಿದವರು, ಪಾಠದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದಿಡುತ್ತಿದ್ದರು. ಮಲಯಾಳಂನಲ್ಲೂ ಒಂದು ಪ್ರತಿ ಇತ್ತು. ನಾನು ಅದಕ್ಕೆ ಕೈಹಾಕಿದಾಗ, "ನಿನ್ ಅಮ್ಮನ್ ಹತ್ರ ಯಾವ ಭಾಷೆ ಮಾತಾಡ್ತೀಯ ಮೋಳೇ?" ಎಂದು ಕೇಳಿದರು. ಇಲ್ಲಿ ಎಲ್ಲ ಹುಡುಗಿಯರೂ ಮೋಳೇ, ಎಂದರೆ ಮಗಳೇ. ಕನ್ನಡ ಅಂದೆ. ಕನ್ನಡದ ಪ್ರತಿಯನ್ನು ಕೈಗಿಟ್ಟು ಹೋದರು. ಓದಲು ಬರುತ್ತದೆಯೇ ಎಂದು ಕೇಳಲಿಲ್ಲ. ಪ್ರೋಗ್ರಾಂ ಬರೆಯುವುದನ್ನೂ ಕನ್ನಡ ಓದುವುದನ್ನೂ ನಾನು ಒಂದೇ ಕಾಗದದಿಂದ ಕಲಿತೆ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವೂ ಅದೇ.

ಅವರು ಪಾಠ ಹೇಳುವ ರೀತಿಗೆ ಒಂದು ಉದಾಹರಣೆ ಕೊಡುತ್ತೇನೆ. ಪ್ರೋಗ್ರಾಂ ಬರೆಯುವಾಗ ಒಂದು ಅಂಕಿಯನ್ನು ಇಡಬೇಕಾದರೆ ಅದನ್ನು ಯಾವ ಅಳತೆಯ ಪಾತ್ರೆಯಲ್ಲಿ ಇಡುತ್ತೇವೆಂದು ಮೊದಲೇ ಹೇಳಬೇಕು. ಬೈಟ್ ಎನ್ನುವುದು ಎಲ್ಲಕ್ಕಿಂತ ಸಣ್ಣ ಪಾತ್ರೆ. ಸೊನ್ನೆಯಿಂದ ಇನ್ನೂರೈವತ್ತೈದರವರೆಗೆ ಹಿಡಿಯುತ್ತದೆ, ಅದಕ್ಕಿಂತ ಒಂದು ಹೆಚ್ಚಾದರೂ ಹಿಡಿಯುವುದಿಲ್ಲ. ಹಾಗಾದರೆ ಹೆಚ್ಚಾದದ್ದು ಏನಾಗುತ್ತದೆ ಎಂದು ಒಬ್ಬಳು ಕೇಳಿದಳು.

ಟೀಚರ್ ಉತ್ತರ ಹೇಳದೆ ನಮ್ಮನ್ನೆಲ್ಲ ಮೆಟ್ಟಿಲಿಳಿಸಿ ಜೀಪ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಎಲ್ಲಕ್ಕಿಂತ ಹಳೆಯ ಜೀಪಿನ ಮುಂದೆ ನಿಂತು, "ಚೇಟ್ಟಾ, ನಿಮ್ಮ ವಂಡಿ ಎಷ್ಟು ಓಡಿದೆ?" ಎಂದರು.

ಡ್ರೈವರ್ ಹೆಮ್ಮೆಯಿಂದ ಮೀಟರ್ ತೋರಿಸಿದ. ಹನ್ನೆರಡು ಸಾವಿರ ಚಿಲ್ಲರೆ ಕಿಲೋಮೀಟರ್. ಜೀಪಿನ ತಳ ತುಕ್ಕು ಹಿಡಿದು ರಸ್ತೆ ಕಾಣುತ್ತಿತ್ತು.

"ಇಷ್ಟೇನಾ?"

"ಮೂರು ಸಲ ತಿರುಗಿದೆ ಟೀಚರೇ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆದ ಮೇಲೆ ಎಲ್ಲಾ ಸೊನ್ನೆ. ಮತ್ತೆ ಮೊದಲಿಂದ."

"ನೋಡಿದ್ರಾ?" ಎಂದು ಟೀಚರ್ ನಮ್ಮ ಕಡೆ ತಿರುಗಿದರು. "ಹಾಲಾಗಿದ್ರೆ ಉಕ್ಕಿ ಚೆಲ್ಲೋದು, ಎಲ್ಲರಿಗೂ ಕಾಣೋದು. ಇದು ಚೆಲ್ಲಲ್ಲ. ತಿರುಗಿ ಸೊನ್ನೆಯಿಂದ ಶುರು ಮಾಡುತ್ತೆ. ಗೊತ್ತಿಲ್ಲದವರು ಇದನ್ನ ಹೊಸ ಜೀಪು ಅಂದ್ಕೋತಾರೆ."

ಅಲ್ಲಿಗೆ ಪಾಠ ಮುಗಿಯಿತು. ಡ್ರೈವರಿಗೆ ಬೇಸರವಾಗಿರಬೇಕು, ಮತ್ತೆ ಎಷ್ಟೋ ದಿನ ಅವನು ಟೀಚರನ್ನು ಕಂಡರೆ ಮುಖ ತಿರುಗಿಸುತ್ತಿದ್ದ.

ಇನ್ನೊಂದು ವಿಷಯದಲ್ಲಿ ಅವರು ಹಟಮಾರಿ. ಪ್ರೋಗ್ರಾಂ ಬರೆದು ಯಂತ್ರಕ್ಕೆ ಕೊಟ್ಟಾಗ ಅದು ಎರಡು ಥರ ತಕರಾರು ಮಾಡುತ್ತದೆ. ಎರರ್ ಬಂದರೆ ಕೆಲಸ ಅಲ್ಲಿಗೇ ನಿಂತಿತು. ವಾರ್ನಿಂಗ್ ಬಂದರೆ ಹಾಗಲ್ಲ, ನನಗೊಂದು ಅನುಮಾನ ಇದೆ ಎಂದು ಹಳದಿ ಸಾಲಿನಲ್ಲಿ ಹೇಳಿ ಯಂತ್ರ ಕೆಲಸ ಮುಂದುವರಿಸುತ್ತದೆ. ಹೆಚ್ಚಿನವರು ವಾರ್ನಿಂಗ್ ಓದುವುದಿಲ್ಲ. ಟೀಚರ್ ಕೇಂದ್ರದಲ್ಲಿ ವಾರ್ನಿಂಗ್ ಒಂದು ಸಾಲು ಉಳಿದಿದ್ದರೂ ಮನೆಗೆ ಹೋಗುವಂತಿರಲಿಲ್ಲ. ಬಸ್ಸು ತಪ್ಪುತ್ತದೆ ಎಂದು ಹೇಳಿದರೆ, "ಮುಂದಿನ ಬಸ್ಸಿದೆ" ಎನ್ನುತ್ತಿದ್ದರು. ಎಲ್ಲ ಸರಿಯಾದ ಮೇಲೆ ಪೆನ್ನಿನ ಮುಚ್ಚಳದಿಂದ ಪರದೆಯನ್ನು ಒಮ್ಮೆ ತಟ್ಟುತ್ತಿದ್ದರು. ಅದೇ ಹೊಗಳಿಕೆ. ಚೆನ್ನಾಗಿದೆ ಎನ್ನುವ ಮಾತು ಅವರ ಬಾಯಿಂದ ಯಾರ ಬಗ್ಗೆಯೂ ಕೇಳಿದವಳಲ್ಲ ನಾನು.

ಒಮ್ಮೆ ಒಬ್ಬ ಹುಡುಗಿ ಬೇಸತ್ತು, "ಓಡ್ತಾ ಇದೆಯಲ್ಲ ಟೀಚರೇ, ಮತ್ತೇನು?" ಎಂದಳು. "ಬ್ರೇಕ್ ಇಲ್ಲದ ಬಸ್ಸೂ ಓಡುತ್ತೆ. ಚುರದಲ್ಲಿ ಗೊತ್ತಾಗೋದು," ಎಂದರು ಟೀಚರ್. ಚುರ ಎಂದರೆ ಇಲ್ಲಿಂದ ಕೋಳಿಕ್ಕೋಡಿಗೆ ಇಳಿಯುವ ಘಾಟಿ. ಹುಡುಗಿ ಮತ್ತೆ ಕೂತು ಬರೆದಳು.

ಕಲಿತು ಮುಗಿದ ಮೇಲೆ ನಾನು ಅಲ್ಲೇ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಸೇರಿ ನಾಲ್ಕನೆಯ ವರ್ಷ ಮರಕ್ಕಡವಿನ ಪೆಟ್ಟಿಗೆಯ ವಿಚಾರ ಬಂತು.

ನಮ್ಮೂರಲ್ಲಿ ಕಬಿನಿಯೇ ಗಡಿ. ಈಚೆ ಕೇರಳ, ಆಚೆ ಕರ್ನಾಟಕ, ನಡುವೆ ತೋಣಿ, ಅಂದರೆ ದೋಣಿ. ತೋಣಿ ಹತ್ತುವ ಕಡವಿನಿಂದ ಸ್ವಲ್ಪ ಕೆಳಗೆ, ಹೊಳೆದಂಡೆಗೆ ತೀರಾ ಹತ್ತಿರ ಒಂದು ಹಾಡಿಯಿದೆ, ಕಾಡಿನ ಜನರ ಇಪ್ಪತ್ತು ಮನೆ. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರದ್ದು. ಹಾಡಿಯಿಂದ ರಸ್ತೆಗೆ ಬರಲು ಇರುವುದು ಗದ್ದೆಯ ನಡುವಿನ ಒಂದೇ ಕಾಲುದಾರಿ. ಒಂದು ಮಳೆಗಾಲದಲ್ಲಿ ನೀರು ತಿಳಿಯದಂತೆ ಏರಿ, ಆ ಮನೆಗಳವರು ಎರಡು ದಿನ ಮಾಡಿನ ಮೇಲೆ ಕೂತಿದ್ದರು. ಆ ಮೇಲೆ ನಮ್ಮ ವಾರ್ಡಿನ ಮೆಂಬರ್ ಟೀಚರ್ ಹತ್ತಿರ ಬಂದು, ನೀರು ಏರಿದರೆ ಸೈರನ್ ಹೊಡೆಯುವ ಏನಾದರೂ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಟೀಚರ್ ಒಪ್ಪಿಕೊಂಡರು. ನಾನು ಆ ಊರಿನವಳೆಂದು ಪ್ರೋಗ್ರಾಂ ಬರೆಯುವ ಕೆಲಸವನ್ನು ನನಗೆ ವಹಿಸಿದರು.

ದೊಡ್ಡ ಯಂತ್ರವೇನಲ್ಲ. ಕಡವಿನ ಹಳೆಯ ಕಲ್ಲುಕಂಬದ ಮೇಲೆ ಒಂದು ಪೆಟ್ಟಿಗೆ. ಒಳಗೆ ಅಂಗೈಗಿಂತ ಸಣ್ಣ ಕಂಪ್ಯೂಟರ್ ಹಲಗೆ. ನೀರಿನ ಮಟ್ಟವನ್ನು ಅಳೆಯುವ ಒಂದು ಸೆನ್ಸರ್, ಅದರ ಅಂಕಿ ತೋರಿಸುವ ಸಣ್ಣ ಪರದೆ, ಸೋಲಾರ್ ಬ್ಯಾಟರಿ, ಸೈರನ್. ಕಂಬದ ಬುಡದಿಂದ ನೀರು ಎಷ್ಟು ಸೆಂಟಿಮೀಟರ್ ಏರಿದೆ ಎಂದು ಅದು ನೋಡುತ್ತಿರುತ್ತದೆ. ಮಿತಿ ದಾಟಿದರೆ ಕೂಗುತ್ತದೆ. ಆ ಮಿತಿ ಪ್ರೋಗ್ರಾಮಿನಲ್ಲಿ ಒಂದು ಕಾನ್‌ಸ್ಟಂಟ್, ಎಂದರೆ ಬದಲಾಗುವುದಿಲ್ಲ ಎಂದು ಮೊದಲೇ ಗೊತ್ತುಮಾಡಿ ಇಟ್ಟ ಅಂಕಿ. ನಾನು ಇನ್ನೂರೈವತ್ತು ಎಂದು ಇಟ್ಟೆ. ಸಣ್ಣ ಹಲಗೆಯಲ್ಲಿ ಜಾಗ ಉಳಿಸುವುದು ಜಾಣತನ ಎಂದುಕೊಂಡು ಅದನ್ನು ಬೈಟಿನಲ್ಲಿಟ್ಟೆ. ಇನ್ನೂರೈವತ್ತು ಅದರಲ್ಲಿ ಹಿಡಿಯುತ್ತದೆ. ಟೀಚರ್ ನೋಡಿದರು, ವಾರ್ನಿಂಗ್ ಇಲ್ಲ, ಪೆನ್ನಿನ ಮುಚ್ಚಳದಿಂದ ತಟ್ಟಿದರು.

ಪೆಟ್ಟಿಗೆ ಕೂರಿಸುವ ದಿನ ಟೀಚರ್ ಗಂಡನಿಗೆ ಜ್ವರವೆಂದು ಗಡಿಯಾಚೆಯ ಶುಂಠಿ ಹೊಲಕ್ಕೆ ಹೋಗಿದ್ದರು. ನಾನು ಲ್ಯಾಪ್‌ಟಾಪ್ ಹಿಡಿದು ಕಡವಿಗೆ ಹೋದೆ. ಮೆಂಬರ್ ಇದ್ದರು, ತೋಣಿಯವರೂ ಇದ್ದರು. ಮಿತಿ ಎಷ್ಟಿಟ್ಟಿದ್ದೀಯ ಎಂದು ತೋಣಿಯವರು ಕೇಳಿದರು. ಕಂಬದಲ್ಲಿ ಬೆರಳಿಟ್ಟು ತೋರಿಸಿದೆ.

"ಅಷ್ಟು ನೀರಲ್ಲಿ ನಾನು ತೋಣಿ ಬಿಡ್ತೀನಿ ಮೋಳೇ," ಎಂದು ಅವರು ನಕ್ಕರು. "ಅಷ್ಟಕ್ಕೆಲ್ಲ ಕೂಗ್ಕೊಂಡ್ರೆ ದಿನಾ ಕೂಗ್ಬೇಕು. ಇನ್ನೊಂದ್ ಮೊಳ ಏರ್ಸು."

ಮೆಂಬರ್ ಕೂಡ ಹೌದೆಂದರು. ನಾನು ಇನ್ನೂರೈವತ್ತು ಇದ್ದಲ್ಲಿ ಮುನ್ನೂರು ಎಂದು ಬರೆದೆ, ಬೇರೆ ಏನನ್ನೂ ಮುಟ್ಟಲಿಲ್ಲ. ಯಂತ್ರ ಒಂದು ಹಳದಿ ಸಾಲು ತೋರಿಸಿತು. ಬಿಸಿಲಿಗೆ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ, ಸುತ್ತ ಹತ್ತು ಜನ ನಿಂತಿದ್ದರು, ಯಾರೋ ಮಿಠಾಯಿ ಪೊಟ್ಟಣವನ್ನೂ ತಂದಿದ್ದರು. ನಾನು ಓದಲಿಲ್ಲ. ಪರೀಕ್ಷೆಯ ಗುಂಡಿ ಒತ್ತಿದೆ, ಸೈರನ್ ಕೂಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ಟೀಚರ್, "ಎಲ್ಲಾ ಸರಿಯಾಯ್ತಾ?" ಎಂದು ಕೇಳಿದರು. ಆಯಿತು ಎಂದೆ. ಅವರು ತೆರೆದು ನೋಡಲಿಲ್ಲ.

ಮೇ-ಜೂನಿನ ಇಡವ ತಿಂಗಳ ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಹೊಳೆ ಇನ್ನೂ ಬೇಸಿಗೆಯ ಹೊಳೆಯೇ, ನೀರು ಮೊಣಕಾಲಿನ ಮಟ್ಟಕ್ಕೂ ಬಂದಿರಲಿಲ್ಲ. ಸೈರನ್ ಕೂಗತೊಡಗಿತು. ಹಾಡಿಯವರಿಗೆ ಮಾಡಿನ ಮೇಲೆ ಕೂತ ಎರಡು ದಿನ ಮರೆತಿರಲಿಲ್ಲ. ಮುದುಕರನ್ನು ಹೊತ್ತು, ಮಕ್ಕಳನ್ನೂ ಆಡುಗಳನ್ನೂ ಎಳೆದುಕೊಂಡು, ಸುರಿಯುವ ಮಳೆಯಲ್ಲಿ ಕಾಲುದಾರಿ ಹಿಡಿದು ಗುಡ್ಡದ ಮೇಲಿನ ಶಾಲೆಗೆ ಓಡಿದರು. ದಾರಿಯಲ್ಲಿ ಹಾಡಿಯ ಹಿರಿಯ ಅಜ್ಜಿಯೊಬ್ಬರು ಕೆಸರಿನಲ್ಲಿ ಜಾರಿ ಬಿದ್ದರು, ಬಲಗೈ ಮುರಿಯಿತು. ಶಾಲೆಯಿಂದ ಕೆಳಗೆ ನೋಡಿದರೆ ಹೊಳೆ ತನ್ನ ಪಾಡಿಗೆ ಕಲ್ಲುಗಳ ನಡುವೆ ಹರಿಯುತ್ತಿತ್ತು. ಸೈರನ್ ಕೂಗುತ್ತಲೇ ಇತ್ತು. ಹಾಡಿಯ ಇಬ್ಬರು ಯುವಕರು ಇಳಿದು ಬಂದು ಅದರ ತಂತಿಯನ್ನು ಕಿತ್ತು ಬಿಸಾಡಿದರು.

ಮರುದಿನ ಬೆಳಿಗ್ಗೆ ಟೀಚರ್ ನನ್ನ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಮನ್ನು ಮತ್ತೆ ಯಂತ್ರಕ್ಕೆ ಕೊಟ್ಟರು. ಅದೇ ಹಳದಿ ಸಾಲು ಬಂತು. ಅದನ್ನು ಗಟ್ಟಿಯಾಗಿ ಓದಿದರು, ಮಕ್ಕಳಿಗೆ ಓದಿ ಹೇಳುವ ಹಾಗೆ. ಅಂಕಿ ಪಾತ್ರೆಗಿಂತ ದೊಡ್ಡದು, ಕತ್ತರಿಸಿ ಹಾಕಿದ್ದೇನೆ ಎಂದು ಅದರ ಅರ್ಥ. ಮುನ್ನೂರನ್ನು ಬೈಟಿನಲ್ಲಿ ಇಟ್ಟರೆ ಇನ್ನೂರೈವತ್ತಾರಕ್ಕೆ ಒಂದು ಸುತ್ತು ಮುಗಿದು ಉಳಿಯುವುದು ನಲವತ್ತನಾಲ್ಕು. ನಾನು ಮೂರು ಮೀಟರ್ ಎಂದು ಹೇಳಿದ್ದೆ. ಪೆಟ್ಟಿಗೆ ನಲವತ್ತನಾಲ್ಕು ಸೆಂಟಿಮೀಟರ್ ಎಂದು ತಿಳಿದಿತ್ತು.

ಟೀಚರ್ ಬಯ್ಯಲಿಲ್ಲ. ಎದ್ದು ಕೊಡೆ ತೆಗೆದುಕೊಂಡು, "ಬಾ" ಎಂದರು.

ಹಾಡಿಯಲ್ಲಿ ಎಲ್ಲರೂ ಸೇರಿದ್ದರು. ಮೆಂಬರ್ ಏನೋ ಸಮಾಧಾನ ಹೇಳುತ್ತಿದ್ದರು, ಯಂತ್ರ ಅಂದಮೇಲೆ ಒಮ್ಮೊಮ್ಮೆ ಹಾಗಾಗುತ್ತದೆ ಎಂದು. ಟೀಚರ್ ಅವರನ್ನು ನಡುವೆಯೇ ತಡೆದರು.

"ಯಂತ್ರದ್ದೇನೂ ತಪ್ಪಿಲ್ಲ. ಬರೆದದ್ದು ಇವಳು. ನೋಡದೆ ಬಿಟ್ಟದ್ದು ನಾನು. ಏನಾಯ್ತು ಅಂತ ಇವಳೇ ಹೇಳ್ತಾಳೆ."

ಅವರು ನನ್ನನ್ನು ಹಿಂದೆ ನಿಲ್ಲಿಸಿಕೊಂಡು ತಾವೇ ಮಾತಾಡುತ್ತಾರೆ ಎಂದುಕೊಂಡಿದ್ದೆ. ಹುಟ್ಟಿ ಬೆಳೆದ ಊರು, ಎದುರಿಗೆ ಗುರುತಿನ ಮುಖಗಳು. ಈ ಒಂದು ಮಾತನ್ನು ನಾನು ಎಷ್ಟೋ ತಿಂಗಳು ಕ್ಷಮಿಸಲಿಲ್ಲ. ಈಗಲೂ ಪೂರ್ತಿ ಕ್ಷಮಿಸಿದ್ದೇನೆಯೇ ಎಂದು ಕೇಳಿದರೆ ಹೇಳಲಾರೆ.

ಹೇಳಿದೆ. ಸಣ್ಣ ಪಾತ್ರೆಯಲ್ಲಿ ದೊಡ್ಡ ಅಂಕಿ ಇಟ್ಟದ್ದನ್ನು, ಅದು ಜೀಪಿನ ಮೀಟರಿನ ಹಾಗೆ ತಿರುಗಿದ್ದನ್ನು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದ ಅಜ್ಜಿ ಕೇಳಿದರು:

"ಅಂಕಿ ಹಿಡಿಯಾದಿಲ್ಲ ಅಂತ ಆ ಪೆಟ್ಟಿಗೆಗೆ ಗೊತ್ತಿತ್ತಾ?"

ನಾನು ಟೀಚರ್ ಮುಖ ನೋಡಿದೆ. ಅವರು ಹೊಳೆಯ ಕಡೆ ನೋಡುತ್ತಿದ್ದರು.

"ಗೊತ್ತಿತ್ತು ಅಜ್ಜೀ. ಅದು ಹೇಳ್ತು. ನಾನು ಓದ್ಲಿಲ್ಲ."

"ಹಂಗಾರೆ ಸುಳ್ಳು ಹೇಳಿದ್ದು ಅದಲ್ಲ," ಎಂದರು ಅಜ್ಜಿ. ಆಮೇಲೆ ತಿರುಗಿ ಯಾರಿಗೋ ಎಲೆಯಡಿಕೆ ಕೇಳಿದರು.

ಪ್ರೋಗ್ರಾಂ ಸರಿಪಡಿಸಲು ಐದು ನಿಮಿಷ ಸಾಕಾಯಿತು. ಮಿತಿಯನ್ನು ಬೈಟಿನಿಂದ ತೆಗೆದು ದೊಡ್ಡ ಪಾತ್ರೆಗೆ ಹಾಕಿದರೆ ಮುಗಿಯಿತು. ಸೈರನ್ ತಂತಿಯನ್ನು ಜೋಡಿಸಲು ಹೋದಾಗ ಟೀಚರ್ ಬೇಡವೆಂದರು. "ಕಿತ್ತವರು ಜೋಡಿಸ್ಬೇಕು. ನಾವು ಜೋಡಿಸಿದ್ರೆ ಮತ್ತೆ ಕೀಳ್ತಾರೆ."

ಅಲ್ಲಿಯವರೆಗೆ ಏನು ಮಾಡುವುದು? ಕಡವಿನಲ್ಲಿ ಒಂದು ಹಲಗೆ ನಿಲ್ಲಿಸಿ ಕಪ್ಪು ಬಣ್ಣ ಬಳಿದರು. ನಡುವೆ ಒಂದು ಗೆರೆ. ಎಡಕ್ಕೆ 'ಕಣ್ಣು' ಎಂದು, ಬಲಕ್ಕೆ 'ಪೆಟ್ಟಿಗೆ' ಎಂದು ಎರಡು ಭಾಷೆಯಲ್ಲೂ ಬರೆದರು. ಕಂಬದ ಮೇಲೆ ಬಣ್ಣದಲ್ಲಿ ಅಳತೆ ಗುರುತು ಹಾಕಿಸಿದರು. ದಿನಕ್ಕೆರಡು ಸಲ ಕಂಬ ನೋಡಿ ಕಣ್ಣಿಗೆ ಕಂಡ ಅಂಕಿಯನ್ನು ಒಂದು ಕಡೆ, ಪೆಟ್ಟಿಗೆ ತೋರಿಸುವ ಅಂಕಿಯನ್ನು ಇನ್ನೊಂದು ಕಡೆ ಸೀಮೆಸುಣ್ಣದಲ್ಲಿ ಬರೆಯಬೇಕು. ಬೆಳಗಿನದು, ಟೀಚರ್ ಬಾರದ ದಿನ ಸಂಜೆಯದೂ, ನನ್ನ ಪಾಲು. ಸಂಜೆಯದನ್ನು ಬರೆಯಲು ವಾರಕ್ಕೆ ಮೂರು ದಿನ ಟೀಚರ್ ಪುಲ್ಪಳ್ಳಿಯಿಂದ ಬರುತ್ತಿದ್ದರು, ಮನೆಗೆ ಹೋಗುವ ದಾರಿಗೆ ತೀರ ವಿರುದ್ಧ ದಿಕ್ಕಿಗೆ. ಬಂದು, ಬರೆದು, ಕೈ ಒರೆಸಿಕೊಂಡು ಅದೇ ಬಸ್ಸಿಗೆ ಹಿಂತಿರುಗುತ್ತಿದ್ದರು. ನಮ್ಮ ಮನೆ ಕಡವಿನಿಂದ ಐದು ನಿಮಿಷದ ದಾರಿ. ಅಮ್ಮ ಎಷ್ಟು ಕರೆದರೂ ಒಮ್ಮೆಯೂ ಒಳಗೆ ಬರಲಿಲ್ಲ.

ಮೊದಲು ಜನ ನಕ್ಕರು. ತೋಣಿಗೆ ಕಾಯುವವರು ಹಲಗೆ ನೋಡಿ, "ಇವತ್ತು ಕಣ್ಣು ಗೆದ್ದಿತೋ ಪೆಟ್ಟಿಗೆ ಗೆದ್ದಿತೋ?" ಎಂದು ಚೇಷ್ಟೆ ಮಾಡುತ್ತಿದ್ದರು. ಎರಡೂ ಒಂದೇ ಇರುತ್ತಿತ್ತು, ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ. ಎರಡು ವಾರ ಕಳೆದ ಮೇಲೆ ಅಜ್ಜಿ ಬಂದು ನಿಲ್ಲತೊಡಗಿದರು. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲ. ನೀರಿನಲ್ಲಿರುವ ಒಂದೊಂದು ಬಂಡೆಗೂ ಅವರ ಹತ್ತಿರ ಒಂದು ಹೆಸರಿತ್ತು. ನಾನು ಅಂಕಿ ಬರೆಯುವ ಮೊದಲೇ, "ಇವತ್ತು ಆಮೆಕಲ್ಲಿನ ಬೆನ್ನು ಕಾಣಾಕಿಲ್ಲ, ನಿನ್ನೆಗಿಂತ ಒಂದು ಗೇಣು ಜಾಸ್ತಿ" ಎನ್ನುತ್ತಿದ್ದರು. ಅಳೆದರೆ ಒಂದು ಗೇಣೇ ಇರುತ್ತಿತ್ತು. ಆಮೇಲೆ ಹಾಡಿಯ ಮಕ್ಕಳು ಬಂದರು. ಇನ್ನು ಕೆಲವು ದಿನಕ್ಕೆ ನಾನು ಹೋಗುವಷ್ಟರಲ್ಲಿ 'ಕಣ್ಣು' ಎಂಬ ಕಡೆ ಯಾರೋ ಬರೆದಾಗಿರುತ್ತಿತ್ತು. ಟೀಚರಿಗೆ ಹೇಳಿದೆ. "ಅಳಿಸ್ಬೇಡ," ಎಂದರು.

ತಂತಿ ಕಿತ್ತ ಯುವಕರಲ್ಲಿ ಒಬ್ಬ ಒಂದು ಸಂಜೆ ಟೀಚರ್ ಹತ್ತಿರ ಬಂದು, ಅದನ್ನು ಜೋಡಿಸಬಾರದೇ ಎಂದು ಕೇಳಿದ. ಟೀಚರ್ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಅವನ ಕೈಗೆ ಕೊಟ್ಟರು. ಆ ಚೀಲದಲ್ಲಿ ಅದನ್ನು ಎಷ್ಟು ದಿನದಿಂದ ಹೊತ್ತು ತಿರುಗುತ್ತಿದ್ದರೋ ಗೊತ್ತಿಲ್ಲ.

ಜುಲೈ-ಆಗಸ್ಟಿನ ಕರ್ಕಾಟಕ ತಿಂಗಳಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಹಲಗೆಯಲ್ಲಿ ನೂರಾ ಎಪ್ಪತ್ತು. ಹತ್ತಕ್ಕೆ ಇನ್ನೂರು. ಇನ್ನೂರೈವತ್ತರಲ್ಲೂ ಬಿಡುತ್ತೇನೆಂದಿದ್ದ ತೋಣಿಯವರು ಆಗಲೇ ತೋಣಿ ನಿಲ್ಲಿಸಿದ್ದರು. ಹನ್ನೊಂದರ ಹೊತ್ತಿಗೆ ನಾನು ಕಡವಿನಲ್ಲಿದ್ದೆ, ಅಜ್ಜಿಯೂ ಇದ್ದರು. ಕೆಂಪು ನೀರಿನಲ್ಲಿ ಒಂದು ಬಂಡೆಯ ತುದಿ ಮಾತ್ರ ಉಳಿದಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ ಅಜ್ಜಿ ಹಾಡಿಯ ಕಡೆ ನಡೆದರು. ಕೂಗಾಡಲಿಲ್ಲ, ಒಂದೊಂದೇ ಮನೆಯ ಮುಂದೆ ನಿಂತು "ಏಳಿ" ಎಂದರು. ಹಲಗೆಯಲ್ಲಿ ಆಗ ಇನ್ನೂರ ಇಪ್ಪತ್ತು. ಮಿತಿಗೆ ಇನ್ನೂ ಎಂಬತ್ತು ಬಾಕಿ.

"ಇನ್ನೂ ಟೈಮಿದೆ ಅಜ್ಜೀ, ಸೈರನ್ ಆಗ್ಲಿ," ಎಂದು ನಾನು ಹೇಳಿದೆ. ಹೇಳಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು.

ಅಜ್ಜಿ ನನ್ನನ್ನು ನೋಡಲೂ ಇಲ್ಲ. ಅರ್ಧ ಗಂಟೆಯಲ್ಲಿ ಇಪ್ಪತ್ತು ಮನೆಯೂ ಖಾಲಿಯಾಯಿತು. ಈ ಸಲ ಯಾರೂ ಓಡಲಿಲ್ಲ, ಯಾರೂ ಬೀಳಲಿಲ್ಲ. ಪಾತ್ರೆ, ಅಕ್ಕಿ, ಕೋಳಿ ಎಲ್ಲವೂ ಶಾಲೆಗೆ ಬಂದವು.

ಸೈರನ್ ಕೂಗಿದ್ದು ಎರಡೂವರೆಗೆ. ಸರಿಯಾಗಿ ಮುನ್ನೂರಕ್ಕೆ. ಶಾಲೆಯ ಜಗಲಿಯಲ್ಲಿ ನಿಂತು ನಾವೆಲ್ಲ ಕೇಳಿಸಿಕೊಂಡೆವು. ಗದ್ದೆಯ ನಡುವಿನ ಕಾಲುದಾರಿ ಎಲ್ಲೂ ಕಾಣಿಸುತ್ತಿರಲಿಲ್ಲ. ಅದು ಮುಳುಗಿ ಒಂದು ಗಂಟೆಗೂ ಮೇಲಾಗಿತ್ತು. ಇನ್ನೂರೈವತ್ತಕ್ಕೇ ಅದರ ಮೇಲೆ ನೀರು ಬಂದಿತ್ತು. ಪೆಟ್ಟಿಗೆ ಹೇಳುವವರೆಗೆ ಕಾದಿದ್ದರೆ ಹೊರಗೆ ಬರುವ ದಾರಿಯೇ ಇರುತ್ತಿರಲಿಲ್ಲ. ಅಳತೆಯಲ್ಲಿ ಎಳ್ಳಷ್ಟೂ ತಪ್ಪಿಲ್ಲದೆ, ಪಾತ್ರೆ ಸಾಕಷ್ಟು ದೊಡ್ಡದಿದ್ದು, ಒಂದೇ ಒಂದು ವಾರ್ನಿಂಗ್ ಇಲ್ಲದೆ ನಮ್ಮ ಪ್ರೋಗ್ರಾಂ ಇಪ್ಪತ್ತು ಮನೆಯವರನ್ನು ಮುಳುಗಿಸುವುದರಲ್ಲಿತ್ತು.

ಟೀಚರ್ ನಾಲ್ಕು ಗಂಟೆಗೆ ಜೀಪಿನಲ್ಲಿ ಬಂದರು. ಸೀರೆ ಮೊಣಕಾಲಿನವರೆಗೆ ಕೆಸರು. ಮೆಟ್ಟಿಲ ಮೇಲೆ ನಿಂತು ಕೆಳಗಿನ ನೀರನ್ನು ನೋಡಿದರು, ಕಾಲುದಾರಿ ಇದ್ದ ಕಡೆ ನೋಡಿದರು.

"ನಿಮ್ಮ ಪೆಟ್ಟಿಗೆ ತಡ ಮಾಡ್ತು ಟೀಚರೇ," ಎಂದರು ಅಜ್ಜಿ.

"ಹೌದು," ಎಂದರು ಟೀಚರ್. ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. "ನಾವು ತೋಣಿಯವರನ್ನ ಕೇಳಿದ್ವಿ. ಅವರ ಮನೆ ಎತ್ತರದಲ್ಲಿದೆ. ನಿಮ್ಮನ್ನ ಕೇಳ್ಲಿಲ್ಲ. ಎಷ್ಟಿಡ್ಬೇಕು, ನೀವೇ ಹೇಳಿ."

ಅಜ್ಜಿ ತಾವು ಹೊರಟಾಗ ನೀರು ಎಲ್ಲಿತ್ತೋ ಅಲ್ಲಿಗೆ ಎಂದರು. ಮುದುಕರನ್ನು ಹೊತ್ತು ನಡೆಯಲು ಅಷ್ಟು ಹೊತ್ತು ಬೇಕು, ಆಡುಗಳು ಮಳೆಗೆ ಹೆಜ್ಜೆ ಇಡುವುದಿಲ್ಲ, ಅದಕ್ಕೂ ಹೊತ್ತು ಬೇಕು ಎಂದು ವಿವರಿಸಿದರು. ಟೀಚರ್ ಪ್ರತಿಯೊಂದನ್ನೂ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಯಾರೋ ಕರಿಕಾಪಿ ತಂದು ಇಬ್ಬರ ಮುಂದೂ ಇಟ್ಟರು. ಟೀಚರ್ ಬೇಡವೆನ್ನದೆ ಕುಡಿದರು.

ನೀರು ಇಳಿದ ಮೇಲೆ ಮಿತಿ ಇನ್ನೂರ ಇಪ್ಪತ್ತಾಯಿತು. ಈಗ ಬೈಟಿನಲ್ಲೇ ಹಿಡಿಯುತ್ತದಲ್ಲ ಎಂದು ನಾನು ಅಂದದ್ದಕ್ಕೆ, "ನಾಳೆ ಇನ್ಯಾರೋ ಬಂದು ಏರಿಸ್ತಾರೆ. ದೊಡ್ಡದರಲ್ಲೇ ಇರ್ಲಿ," ಎಂದರು. ಆ ಪ್ರೋಗ್ರಾಮನ್ನು ಅವರೇ ಕೂತು ಹಾಕಿದರು. ಮತ್ತೆ ಅದರ ಬಗ್ಗೆ ಮಾತಾಡಲಿಲ್ಲ.

ಎರಡು ವರ್ಷದ ಮೇಲೆ ನನಗೆ ಕಲ್ಪೆಟ್ಟದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಟೀಚರ್ "ಆಯ್ತು" ಎಂದರು, ಅಷ್ಟೇ. ಆಮೇಲೆ ಅವರಿಗೆ ಕಾಯಿಲೆಯಾಯಿತು, ಕೇಂದ್ರ ಮುಚ್ಚಿತು. ಒಮ್ಮೆ ನೋಡಲು ಹೋಗಿದ್ದೆ. ತುಂಬ ಸೊರಗಿದ್ದರು. ಔಷಧಿಯ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಟ್ಟುಕೊಂಡಿದ್ದರು. ಹಾಡಿಯಲ್ಲಿ ನಡೆದದ್ದನ್ನು ಎತ್ತಿ, ಎಲ್ಲರ ಮುಂದೆ ನನ್ನನ್ನು ಯಾಕೆ ನಿಲ್ಲಿಸಿದಿರಿ ಎಂದು ಕೇಳಬೇಕೆಂದೇ ಹೋಗಿದ್ದೆ. ಕೇಳಲಿಲ್ಲ. ಅವರು ನನ್ನ ಕೆಲಸದ ಬಗ್ಗೆ ಒಂದಷ್ಟು ಪ್ರಶ್ನೆ ಕೇಳಿದರು, ಬಸ್ಸಿಗೆ ಹೊತ್ತಾಯಿತೆಂದು ನೆನಪಿಸಿದರು.

ಅವರು ಹೋದ ಮುಂದಿನ ವಾರ ಮೆಂಬರ್ ಫೋನ್ ಮಾಡಿದರು. ಕಡವಿನ ಪೆಟ್ಟಿಗೆ ತುಕ್ಕು ಹಿಡಿದಿದೆ, ಹೊಸದು ತಂದಿದ್ದೇವೆ, ಹಳೆಯ ಪ್ರೋಗ್ರಾಂ ಹಾಕಿಕೊಡಬೇಕು ಎಂದರು. ರಜೆ ಹಾಕಿ ಹೋದೆ. ಟೀಚರ್ ಮೆಂಬರ್ ಹತ್ತಿರ ಕೊಟ್ಟಿಟ್ಟಿದ್ದ ಪೆನ್‌ಡ್ರೈವಿನಿಂದ ಪ್ರೋಗ್ರಾಂ ತೆರೆದಾಗ ಮಿತಿಯ ಸಾಲಿನ ಮೇಲೆ, ಯಂತ್ರ ಓದದ, ಮನುಷ್ಯರಿಗೆ ಮಾತ್ರ ಎಂದು ಬರೆಯುವ ಟಿಪ್ಪಣಿಯೊಂದಿತ್ತು. ಕನ್ನಡದಲ್ಲಿ. ನಾನು ಅದನ್ನು ನೋಡಿರಲಿಲ್ಲ. "ಇದು ಹಾಡಿಯ ಅಜ್ಜಿ ಹೇಳಿದ ಅಂಕಿ. ಹೊಳೆ ದಂಡೆಯನ್ನು ಪ್ರತಿ ವರ್ಷ ಕೊರೆಯುತ್ತದೆ. ಮಳೆಗೆ ಮುಂಚೆ ಹೋಗಿ ಕೇಳಬೇಕು." ಅದರ ಕೆಳಗೆ ಒಂದರ ಕೆಳಗೊಂದು ಅಂಕಿಗಳು: ಇನ್ನೂರ ಇಪ್ಪತ್ತು, ಇನ್ನೂರ ಹದಿನೈದು, ಮತ್ತೆ ಇನ್ನೂರ ಹದಿನೈದು, ಇನ್ನೂರ ಐದು. ಕೊನೆಯದು ಹೋದ ವರ್ಷದ್ದು. ಕಾಯಿಲೆ ಬಿದ್ದ ಮೇಲಿನದು.

ಹಾಡಿಗೆ ಇಳಿದೆ. ಅಜ್ಜಿ ಈಗ ನಡೆಯುವುದು ಕಡಿಮೆ, ಜಗಲಿಯಲ್ಲಿ ಕೂತಿದ್ದರು. ನನ್ನ ಗುರುತು ಹಿಡಿದರು. ನನ್ನ ಹಿಂದೆ ಇನ್ನೂ ಯಾರೋ ಬರುತ್ತಿದ್ದಾರೆಂಬಂತೆ ದಾರಿ ನೋಡಿದರು.

"ಟೀಚರ್ ಎಲ್ಲಿ? ಮಳೆ ಬಂದೇ ಬಿಡ್ತಲ್ಲ, ಈ ಸಲ ಕೇಳಾಕೆ ಬರ್ಲಿಲ್ಲ."

ಹೇಳಿದೆ. ಅಜ್ಜಿ ಮುರಿದು ಕೂಡಿಕೊಂಡ ಕೈಯನ್ನು ಇನ್ನೊಂದು ಕೈಯಿಂದ ನೀವಿಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದರು. ಬೇಡ ಅಜ್ಜಿ ಎಂದರೂ ಕೇಳದೆ ನನ್ನ ಭುಜ ಹಿಡಿದು ದಂಡೆಯವರೆಗೆ ಬಂದರು. ಬಿದಿರು ಮೆಳೆಯ ಬುಡದ ಮಣ್ಣು ಕುಸಿದು ಬೇರು ಹೊರಗೆ ನೇತಾಡುತ್ತಿತ್ತು. ಕೋಲಿನಿಂದ ಒಂದು ಬೇರನ್ನು ತೋರಿಸಿದರು.

"ಇಲ್ಲಿಗೆ ಬಂದಾಗ ಕೂಗ್ಲಿ."

ಅಳೆದೆ. ನೂರಾ ತೊಂಬತ್ತು. ಬರೆದುಕೊಂಡೆ.

"ಬರಾ ವರ್ಷ ನೀನೇ ಬಂದು ಕೇಳು," ಎಂದರು ಅಜ್ಜಿ. "ಅವಾಗ ನಾನಿಲ್ದಿದ್ರೆ ನನ್ನ ಮಗಳನ್ನ ಕೇಳು. ಅವಳಿಗೂ ಹೊಳೆ ನೋಡಾಕೆ ಬರ್ತದೆ."